'ನಿಮಗೇನೂ ಇಲ್ಲ' ಅನ್ನೋದನ್ನ ಬಿಟ್ಟ ಮೇಲೆ

ಹಾಸನದಲ್ಲಿ ನಾನು ಮನೋವೈದ್ಯ. ಆದರೆ ನನ್ನ ಹತ್ತಿರ 'ಮನಸ್ಸು ಸರಿ ಇಲ್ಲ' ಅಂತ ಬರುವವರು ಕಮ್ಮಿ. ಎದೆ ಉರಿ, ಮೈಯೆಲ್ಲ ಜೋಮು, ತಲೆ ಭಾರ ಅಂತಲೇ ಜಾಸ್ತಿ ಜನ ಬರುತ್ತಾರೆ. ಕೈಯಲ್ಲೊಂದು ಬಟ್ಟೆ ಅಂಗಡಿ ಕವರ್, ಅದರ ತುಂಬ ಸ್ಕ್ಯಾನಿಂಗ್ ರಿಪೋರ್ಟು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಸಕಲೇಶಪುರ ಕಡೆಯ ಹೆಂಗಸೊಬ್ಬರು, ವರ್ಷದಿಂದ ಹೊಟ್ಟೆನೋವು. ಎಂಡೋಸ್ಕೋಪಿ ಎರಡು ಸಲ ಆಗಿತ್ತು. ಸಮಾಧಾನ ಆಗಲಿ ಅಂತ "ನಿಮಗೇನೂ ಇಲ್ಲಮ್ಮ, ಎಲ್ಲ ನಾರ್ಮಲ್" ಅಂದೆ. ಅವರು ಗಂಡನ ಮುಖ ನೋಡಿದರು. ಗಂಡ "ನಾನ್ ಹೇಳ್ಲಿಲ್ವಾ?" ಅಂದರು. ಆಮೇಲೆ ಅವರು ಬರಲೇ ಇಲ್ಲ. 'ಏನೂ ಇಲ್ಲ' ಅನ್ನೋದು ಮನೆಯವರ ಕಿವಿಗೆ 'ನಾಟಕ' ಅಂತ ಕೇಳಿಸುತ್ತೆ. ಅದು ನನಗೆ ಹೊಳೆದದ್ದು ತಡವಾಗಿ.

2013ರಲ್ಲಿ ಬಂದ ಡಿಎಸ್‌ಎಂ-5, ಅಂದರೆ ಅಮೆರಿಕದ ಮನೋವೈದ್ಯರ ಕೈಪಿಡಿ, ಇಲ್ಲಿ ಒಂದು ಒಳ್ಳೆ ಕೆಲಸ ಮಾಡಿತು. ನೋವಿಗೆ ಬೇರೆ ಕಾಯಿಲೆ ಕಾರಣವಲ್ಲ ಅಂತ ಸಾಬೀತು ಮಾಡಲೇಬೇಕು ಅನ್ನುವ ಷರತ್ತು ಹೋಯಿತು. ಶುಗರ್ ಇರಲಿ, ಹಾರ್ಟ್ ತೊಂದರೆಯೇ ಇರಲಿ. ಲಕ್ಷಣದ ಬಗ್ಗೆ ಭಯ, ಯೋಚನೆ, ಆಸ್ಪತ್ರೆ ಓಡಾಟ ಅತಿಯಾಗಿ, ಸಾಮಾನ್ಯವಾಗಿ 6 ತಿಂಗಳು ಮೀರಿ ನಡೆದಿದ್ದರೆ ಅದು ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್. ಇಂಥವರಿಗೆ ನಾನೀಗ ಮೂರು ವಾರಕ್ಕೊಮ್ಮೆ ದಿನ ಕೊಡುತ್ತೇನೆ, ನೋವು ಇರಲಿ ಬಿಡಲಿ. ನೋವು ಬಂದಾಗ ಮಾತ್ರ ಬನ್ನಿ ಅಂದರೆ, ಡಾಕ್ಟರನ್ನು ನೋಡೋಕೆ ನೋವು ಬರಲೇಬೇಕು ಅಂತಾಗುತ್ತೆ, ಅಲ್ವಾ?

ಡಿಸೋಸಿಯೇಟಿವ್ ತೊಂದರೆ ಇನ್ನೊಂದು ಬಗೆ. ಮೈ ಮೇಲಿನ ಹಿಡಿತ ತಪ್ಪಿ, ಬೇಕಂತ ಮಾಡದೆಯೇ ಕೈಕಾಲು ಸೋಲೋದು, ಫಿಟ್ಸ್ ಬರೋದು. ಅರಸೀಕೆರೆ ಕಡೆಯ ಹುಡುಗಿ, ಸೆಕೆಂಡ್ ಪಿಯು. ಬಲಗಾಲು ಇದ್ದಕ್ಕಿದ್ದ ಹಾಗೆ ಸೋತು ಹೋಗಿತ್ತು. ಅಪ್ಪ ಎತ್ತಿಕೊಂಡೇ ಒಳಗೆ ಬಂದರು. ನರರೋಗದ ಡಾಕ್ಟರು ನೋಡಿಯಾಗಿತ್ತು, ಎಂಆರ್‌ಐ ಸರಿ ಇತ್ತು. ಅಜ್ಜಿ ಗಾಳಿ ಸೋಕಿದೆ ಅಂದರೆ, ಚಿಕ್ಕಪ್ಪ ಪರೀಕ್ಷೆಗೆ ಕಳ್ಳಾಟ ಅಂದಿದ್ದರಂತೆ.

ಅವಳನ್ನು ಮಲಗಿಸಿ ಬಲ ಹಿಮ್ಮಡಿಯ ಕೆಳಗೆ ನನ್ನ ಅಂಗೈ ಇಟ್ಟೆ. "ಕೆಳಗೆ ಒತ್ತಮ್ಮ." ಒತ್ತಲು ಆಗಲಿಲ್ಲ. ಕೈ ಅಲ್ಲೇ ಬಿಟ್ಟು, ಇನ್ನೊಂದು ಕೈಯಿಂದ ಎಡಗಾಲನ್ನು ಅದುಮಿ ಹಿಡಿದು "ಈ ಕಾಲು ಮೇಲೆತ್ತು" ಅಂದೆ. ಎತ್ತಲು ಹೋದಳು. ಸೋತ ಕಾಲಿನ ಹಿಮ್ಮಡಿ ನನ್ನ ಅಂಗೈಯನ್ನು ಹಾಸಿಗೆಗೆ ಅದುಮಿತು. 1908ರಲ್ಲಿ ಚಾರ್ಲ್ಸ್ ಹೂವರ್ ಬರೆದಿಟ್ಟ ಪರೀಕ್ಷೆ ಇದು. ತುಂಬ ಡಾಕ್ಟರುಗಳು ಇದನ್ನು ಕಳ್ಳನನ್ನು ಹಿಡಿದ ಹಾಗೆ ಗುಟ್ಟಾಗಿ ಬರೆದುಕೊಳ್ಳುತ್ತಾರೆ. ನಾನು ರೋಗಿಗೇ ತೋರಿಸುತ್ತೇನೆ. ಅಪ್ಪನ ಕೈಯನ್ನೂ ಹಿಮ್ಮಡಿ ಕೆಳಗೆ ಇಡಿಸಿ ಮತ್ತೊಮ್ಮೆ ಮಾಡಿಸಿದೆ.

"ಕಾಲಿನಲ್ಲಿ ಬಲ ಇದೆ. ಬೇಕು ಅಂತ ಒತ್ತಲು ಹೋದಾಗ ಅದು ಸಿಗ್ತಿಲ್ಲ. ಇವಳು ಬೇಕಂತ ಮಾಡ್ತಿಲ್ಲ" ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದರು. "ಮೋಟ್ರು ಚೆನ್ನಾಗೈತೆ, ವೈರೂ ಚೆನ್ನಾಗೈತೆ, ಸ್ಟಾರ್ಟ್ರು ಟ್ರಿಪ್ ಆಯ್ತೈತೆ ಅನ್ನಿ ಸಾರ್."

ನನ್ನ ಓದಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಬೋರ್‌ವೆಲ್ ಇರುವ ಮನೆಯವರಿಗೆಲ್ಲ ಇದನ್ನೇ ಹೇಳುತ್ತೇನೆ.

ಫಿಸಿಯೋಥೆರಪಿಯಲ್ಲಿ ಅವಳನ್ನು ಹಿಂದಕ್ಕೆ ನಡೆಸಿದೆವು. ಗಮನ ಕಾಲಿನ ಮೇಲಿಂದ ಸರಿದಾಗ ಹೆಜ್ಜೆ ತಾನಾಗಿ ಬಂತು. ಮೂರು ವಾರಕ್ಕೆ ನಡೆದು ಬಂದಳು. 'ಮನಸ್ಸಿನಲ್ಲಿ ಏನು ನೋವಿದೆ ಹೇಳು' ಅಂತ ನಾನು ಮೊದಲ ದಿನವೇ ಕೆದಕುವುದಿಲ್ಲ. ನಾಲ್ಕನೇ ಸಲ ಬಂದಾಗ ಮನೆಯ ಒಂದು ವಿಷಯ ತಾನಾಗಿ ಹೇಳಿದಳು. ಅದು ಇಲ್ಲಿ ಬೇಡ.

ಕಾಲು ಸರಿಹೋಗಿ ಎರಡು ತಿಂಗಳಿಗೆ ಫಿಟ್ಸ್ ಶುರುವಾಯಿತು. ಲಕ್ಷಣ ಹೀಗೆ ವೇಷ ಬದಲಿಸೋದು ಉಂಟು. ಕಣ್ಣು ಗಟ್ಟಿಯಾಗಿ ಮುಚ್ಚಿರೋದು, ತಲೆ ಅತ್ತಿತ್ತ ಆಡಿಸೋದು, 2 ನಿಮಿಷ ದಾಟಿದರೂ ನಿಲ್ಲದಿರೋದು, ಇವೆಲ್ಲ ಡಿಸೋಸಿಯೇಟಿವ್ ಕಡೆ ಬೆರಳು ತೋರಿಸುತ್ತವೆ. ಆದರೂ ಒಂದೇ ಲಕ್ಷಣ ನೋಡಿ ತೀರ್ಮಾನ ಮಾಡಬಾರದು. ಕೆಲವರಿಗೆ ಮೂರ್ಛೆರೋಗವೂ ಜೊತೆಗೇ ಇರುತ್ತೆ. ಹಾಗಾಗಿ ವಿಡಿಯೋ ಇಇಜಿಗೆ, ಅಂದರೆ ವಿಡಿಯೋ ಜೊತೆ ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆಗೆ, ಬೆಂಗಳೂರಿಗೆ ಕಳಿಸಿದೆ. ಅಲ್ಲಿ ಫಿಟ್ಸ್ ಬಂದಾಗಲೂ ಇಇಜಿ ಸರಿಯಾಗೇ ಇತ್ತು, ಅಂದರೆ ಆ ಫಿಟ್ಸ್ ಡಿಸೋಸಿಯೇಟಿವ್.

ಮಾತಿನ ಚಿಕಿತ್ಸೆ ಕೊಟ್ಟರೆ ಫಿಟ್ಸ್ ನಿಂತೇ ಹೋಗುತ್ತೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. 2020ರಲ್ಲಿ ಬ್ರಿಟನ್ನಿನಲ್ಲಿ ಇಂಥ ಫಿಟ್ಸ್ ಇರುವ 368 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ಸಿಕ್ಕವರನ್ನು ಸಿಗದವರ ಜೊತೆ ಒಂದು ವರ್ಷದ ಮೇಲೆ ಹೋಲಿಸಿ ನೋಡಿದರೆ ಫಿಟ್ಸ್ ಸಂಖ್ಯೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ದಿನದ ಬದುಕು ಸುಧಾರಿಸಿತ್ತು. ಅದಕ್ಕೇ ನಾನೂ ಅವಳು ಕಾಲೇಜಿಗೆ ಎಷ್ಟು ದಿನ ಹೋದಳು ಅಂತ ಬರೆದಿಡುತ್ತೇನೆ. ತಲೆ ತೇಲುವ ಹಾಗಾದಾಗ ಅಂಗಾಲು ನೆಲಕ್ಕೊತ್ತಿ, ಏಲಕ್ಕಿ ಉಜ್ಜಿ ಮೂಸೋದು ರೂಢಿ ಮಾಡಿಸಿದ್ದೇನೆ. ಮನೆಯವರಿಗೆ ಹೇಳಿದ್ದು ಇಷ್ಟೇ: ತಲೆ ಕೆಳಗೆ ದಿಂಬು ಕೊಡಿ, ಜನ ಸೇರಿಸಬೇಡಿ, ಕೈಗೆ ಕಬ್ಬಿಣ, ಮೂಗಿಗೆ ಚಪ್ಪಲಿ ಬೇಡ.

ಹೋದ ತಿಂಗಳು ಅಪ್ಪ ಫೋನ್ ಮಾಡಿದ್ದರು. "ನೆನ್ನೆ ಬಂತು ಸಾರ್. ಗಡಿಯಾರ ನೋಡ್ಕಂಡೆ, ಆರು ನಿಮಿಷ. ಯಾರನ್ನೂ ಕರೀಲಿಲ್ಲ. ಎದ್ದು ಕಾಫಿ ಕುಡಿದ್ಲು. ಈಗ್ಲೇ ಕರ್ಕಂಡ್ ಬರ್ಲಾ?"

ಬೇಡ, ಕೊಟ್ಟಿರೋ ದಿನಕ್ಕೇ ಬನ್ನಿ ಅಂದೆ.