ಬಳಪ ಎಂದರೆ ಹದಿಮೂರು

ಪದಗಳ ಮೂಲಕ ಕೂಡುವ ಲೆಕ್ಕ ಕಲಿಸಲು ಹೊರಟವರು ಅಕ್ಷರಗಳಿಗೆ ಬೆಲೆ ಕೊಡುವಾಗಲೇ ಎಡವುತ್ತಾರೆ. ಇಂಗ್ಲಿಷಿನ A=1, B=2 ಪಟ್ಟಿಯಂತೆ ಕನ್ನಡ ವ್ಯಂಜನಗಳಿಗೂ 1ರಿಂದ 34ರವರೆಗೆ ಸಾಲಾಗಿ ಸಂಖ್ಯೆ ಬರೆದರೆ ‘ಹಸು’ 65 ಆಗುತ್ತದೆ. ಎರಡನೇ ತರಗತಿಯ ಮಗು ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ.

ಒಂಬತ್ತು ದಾಟದ ಬೆಲೆ ಸಾಕು. ಕರ್ನಾಟಕ ಸಂಗೀತದ ಮೂಲ ರಾಗಗಳಾದ ಮೇಳಕರ್ತಗಳ ಸಂಖ್ಯೆಯನ್ನು ಹೆಸರಿನ ಅಕ್ಷರಗಳಿಂದಲೇ ತಿಳಿಸುವ ಕಟಪಯಾದಿ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕ–ಝ 1ರಿಂದ 9, ಟ–ಧ 1ರಿಂದ 9, ಪ–ಮ 1ರಿಂದ 5, ಯ–ಳ 1ರಿಂದ 9. ಞ, ನ ಮತ್ತು ಸ್ವರಗಳು ಸೊನ್ನೆ. ಇದನ್ನು ರಟ್ಟಿನ ಮೇಲೆ ಬರೆದು ಮಗುವಿನ ಎದುರಿಗಿಡಿ. ಬಾಯಿಪಾಠ ಮಾಡಿಸಬೇಡಿ.

ಗುಣಿತಾಕ್ಷರ, ಒತ್ತಕ್ಷರ ಬಂದಾಗ ಗೊಂದಲ ಶುರು. ಗುಣಿತದ ಚಿಹ್ನೆಗೆ ಬೆಲೆಯಿಲ್ಲ: ಗ, ಗಿ, ಗೂ ಎಲ್ಲವೂ 3. ಒತ್ತಿಗೆ ಮಾತ್ರ ಬೆಲೆ ಉಂಟು. ಮೂಲ ಪದ್ಧತಿಯಲ್ಲಿ ಸಂಯುಕ್ತಾಕ್ಷರದ ಕೊನೆಯ ವ್ಯಂಜನವನ್ನಷ್ಟೇ ಎಣಿಸುತ್ತಾರೆ. ಮಕ್ಕಳ ಆಟಕ್ಕೆ ನಾನು ಎರಡನ್ನೂ ಎಣಿಸುತ್ತೇನೆ. ‘ಹಲ್ಲು’ ಎಂದರೆ 8+3+3, ಒಟ್ಟು 14. ಒತ್ತಿನ ಬೆಲೆಯನ್ನು ಒತ್ತಿನ ಕೆಳಗೇ ಬರೆಸಿ, ಇಲ್ಲದಿದ್ದರೆ ಹೆಚ್ಚಿನ ಮಕ್ಕಳು ಅದನ್ನು ಮರೆಯುತ್ತಾರೆ. ಅನುಸ್ವಾರವಿರುವ ಪದಗಳನ್ನು ಮೊದಲ ವಾರ ತರಲೇಬೇಡಿ.

ಈಗ ಕೂಡಿಸುವುದು. ‘ಬಳಪ’ ಕೊಡಿ: 3, 9, 1. ಎಡದಿಂದ ಬೆರಳು ಮಡಿಸುತ್ತಾ ಹೋಗಲು ಬಿಡಬೇಡಿ; ‘ಹತ್ತು ಎಲ್ಲಿ ಅಡಗಿದೆ?’ ಎಂದು ಕೇಳಿ. ಳ ಮತ್ತು ಪ ಸೇರಿ ಹತ್ತು, ಮೇಲೆ ಮೂರು. ಹೀಗೆ ಜೋಡಿ ಹುಡುಕುವ ಅಭ್ಯಾಸವೇ ಈ ಆಟದ ಫಲ. ನಾಲ್ಕು ಉತ್ತರ ತೋರಿಸಿ ಒಂದನ್ನು ಒತ್ತಿಸುವ ಮೊಬೈಲ್ ಆಟಗಳಲ್ಲಿ ಇದು ಸಿಗದು. ಮಕ್ಕಳು ಊಹಿಸಿ ಒತ್ತುತ್ತಾರೆ ಅಷ್ಟೆ.

ನಂತರ ತಿರುಗಿಸಿ ಕೇಳಿ: ಹತ್ತು ಬರುವ ಎರಡಕ್ಷರದ ಪದ ಯಾವುದು? ದಾರ, ದೂರ, ಹಾರ, ಜಾರು… ಒಂದು ಸಿಕ್ಕರೆ ಸಾಲಾಗಿ ಬರುತ್ತವೆ. ‘ನವಿಲು’ ಮತ್ತು ‘ಮರ’ ಎರಡೂ 7 ಎಂದು ಮಗುವೇ ಕಂಡುಹಿಡಿಯಲಿ, ನೀವು ಬಾಯಿಬಿಡಬೇಡಿ.

ಇದು ಹಗುರವಾದ ಮೇಲೆ ಅಂಕಿ ಮುಚ್ಚಿದ ಲೆಕ್ಕ: ಅ + ಅ + ಅ = ಇಅ. ಇಲ್ಲಿ ಹಿಂದಿನ ಬೆಲೆಗಳಿಲ್ಲ, ಒಂದೊಂದು ಅಕ್ಷರದ ಹಿಂದೆ ಒಂದೊಂದು ಅಂಕಿ; ‘ಇಅ’ ಎಂದರೆ ಎರಡಂಕಿಯ ಸಂಖ್ಯೆ. ಬೇರೆ ಅಕ್ಷರಕ್ಕೆ ಬೇರೆ ಅಂಕಿ ಎಂದು ಮೊದಲೇ ಹೇಳಿರಿ. ಹೇಳದಿದ್ದರೆ ಯಾವುದಾದರೂ ಚೂಟಿ ಮಗು ಎಲ್ಲಕ್ಕೂ ಸೊನ್ನೆ ಹಾಕಿ ಎದ್ದು ಹೋಗುತ್ತದೆ. ಉತ್ತರ: ಅ ಐದು, ಇ ಒಂದು.