ಇಳಿ ಹರಾಜಿನಲ್ಲಿ ಎದ್ದು ಬರುವುದನ್ನು ಕಲಿತದ್ದು

ಬೆಂಗಳೂರಿನ ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಮೆಷಿನ್ ಶಾಪ್ ಇದೆ, ಲೋಹದ ಬಿಡಿಭಾಗ ಮಾಡುವ ಕಾರ್ಖಾನೆ. 2016ರಲ್ಲಿ ಮೊದಲ ಸಲ ಆನ್‌ಲೈನ್ ರಿವರ್ಸ್ ಆಕ್ಷನ್‌ಗೆ ಕೂತೆ. ಆಗ ನಮ್ಮಲ್ಲಿ ಕಂಪ್ಯೂಟರ್ ನಡೆಸುವ 5 ಸಿಎನ್‌ಸಿ ಮೆಷಿನ್, 14 ಜನ ಕೆಲಸಗಾರರು.

ಊರ ಹರಾಜಿನಲ್ಲಿ ಬೆಲೆ ಏರುತ್ತದೆ. ಇಲ್ಲಿ ಇಳಿಯುತ್ತದೆ. ಕಂಪನಿ ತನಗೆ ಬೇಕಾದ ಭಾಗದ ಡ್ರಾಯಿಂಗ್ ಕೊಡುತ್ತದೆ. ನಾಲ್ಕೈದು ಸಪ್ಲೈಯರ್‌ಗಳು ತಮ್ಮ ತಮ್ಮ ಆಫೀಸಿನಲ್ಲಿ ಕೂತು ರೇಟು ಇಳಿಸುತ್ತಾ ಹೋಗುತ್ತಾರೆ. ಬೇರೆಯವರ ರೇಟು ಕಾಣುವುದಿಲ್ಲ. ನಮ್ಮ ಸ್ಥಾನ ಮಾತ್ರ ಕಾಣುತ್ತದೆ: ಎಲ್1, ಎಲ್2, ಎಲ್3. ಎಲ್1 ಅಂದರೆ ಎಲ್ಲರಿಗಿಂತ ಕಡಿಮೆ ರೇಟು. ಕೊನೆಯ 3 ನಿಮಿಷದಲ್ಲಿ ಯಾರಾದರೂ ಇಳಿಸಿದರೆ ಗಡಿಯಾರ ಮತ್ತೆ 3 ನಿಮಿಷ ಮುಂದಕ್ಕೆ ಹೋಗುತ್ತದೆ. ಅರ್ಧ ಗಂಟೆಯ ಹರಾಜು ಎರಡೂವರೆ ಗಂಟೆ ನಡೆಯಿತು. ಕೊನೆಗೆ ಪೀಸ್‌ಗೆ 164 ರೂಪಾಯಿಯಂತೆ ನಾನು ಎಲ್1. ವರ್ಷಕ್ಕೆ 12,000 ಬೇರಿಂಗ್ ಹೌಸಿಂಗ್, ಅಂದರೆ ಬೇರಿಂಗ್ ಕೂರುವ ಕವಚ. ಅವತ್ತು ಸಂಜೆ ಶಾಪಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದೆ.

ನಾಲ್ಕು ತಿಂಗಳಾದ ಮೇಲೆ ಲೆಕ್ಕ ಹಾಕಿದೆ. ಒಂದು ಪೀಸ್‌ಗೆ ನನಗೆ ಬೀಳುತ್ತಿದ್ದ ಖರ್ಚು 171. ಎರಕದ ಪೀಸ್‌ಗಳು ಬೆಳಗಾವಿಯ ಫೌಂಡ್ರಿಯಿಂದ ಬರುತ್ತಿದ್ದವು. ರಿಜೆಕ್ಷನ್ ನೂರಕ್ಕೆ 2 ಅಂತ ಹಿಡಿದಿದ್ದೆ, ನಿಜಕ್ಕೂ 7 ಇತ್ತು. ಎರಕದ ಒಳಗಿನ ಗಾಳಿಗುಳ್ಳೆ ಹೊರಗೆ ಕಾಣುವುದಿಲ್ಲ. ಬೋರಿಂಗ್ (ಒಳಗಿನ ರಂಧ್ರ ಕೊರೆಯುವುದು) ಮುಗಿಸಿದ ಮೇಲೆ ಕಾಣುತ್ತದೆ. ಅಷ್ಟರಲ್ಲಿ ಮೆಷಿನ್ ಸಮಯ, ಕೊರೆಯುವ ಅಲಗು (ಇನ್ಸರ್ಟ್), ಕರೆಂಟು ಎಲ್ಲಾ ಖರ್ಚಾಗಿರುತ್ತದೆ. ವರ್ಷದ ಕೊನೆಗೆ ಆ ಒಂದೇ ಆರ್ಡರಿನಲ್ಲಿ 84,000 ರೂಪಾಯಿ ನಷ್ಟ. ಮೆಷಿನ್ ಖಾಲಿ ಇಲ್ಲ ಅಂತ ಬಿಟ್ಟುಕೊಟ್ಟ ಬೇರೆ ಕೆಲಸಗಳ ಲೆಕ್ಕ ಇದರಲ್ಲಿ ಇಲ್ಲ.

ನನ್ನ ಮಗಳು ಆಗ ಅರ್ಥಶಾಸ್ತ್ರ ಓದುತ್ತಿದ್ದಳು. ಕಥೆ ಕೇಳಿ ಅವಳು, 'ಅಪ್ಪಾ, ಇದಕ್ಕೆ ಒಂದು ಹೆಸರೇ ಇದೆ' ಅಂದಳು. ಗೆದ್ದವನ ಶಾಪ. 1971ರಲ್ಲಿ ಅಮೆರಿಕದ ತೈಲ ಕಂಪನಿಯ ಮೂವರು ಎಂಜಿನಿಯರ್‌ಗಳು, ಕೇಪನ್, ಕ್ಲಾಪ್ ಮತ್ತು ಕ್ಯಾಂಪ್‌ಬೆಲ್, ಇದನ್ನು ಬರೆದರು. ಸಮುದ್ರದ ತಳದಲ್ಲಿ ಎಣ್ಣೆ ಎಷ್ಟಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಎಲ್ಲರೂ ಅಂದಾಜಿನ ಮೇಲೆ ಬಿಡ್ ಹಾಕುತ್ತಾರೆ. ಗೆಲ್ಲುವವನು ಯಾರು? ಎಲ್ಲರಿಗಿಂತ ಜಾಸ್ತಿ ಆಸೆಯಿಂದ ಅಂದಾಜು ಮಾಡಿದವನು. ನನ್ನ ಹರಾಜಿನಲ್ಲೂ ಆಗಿದ್ದು ಅದೇ. ಐದು ಜನರಲ್ಲಿ ಎರಕದ ತೊಂದರೆಯನ್ನು ಎಲ್ಲರಿಗಿಂತ ಕಡಿಮೆ ಅಂದುಕೊಂಡವನಿಗೆ ಆರ್ಡರ್ ಸಿಕ್ಕಿತು. ಈಗ ನಾನು ಎಲ್1 ಆದ ತಕ್ಷಣ ಕೇಳಿಕೊಳ್ಳುವ ಮೊದಲ ಪ್ರಶ್ನೆ: ಉಳಿದ ನಾಲ್ವರಿಗೆ ಗೊತ್ತಿದ್ದು ನನಗೇನು ಗೊತ್ತಿಲ್ಲ?

ಆ ರಾತ್ರಿ ಒಂದು ಹಳೇ ಡೆಲಿವರಿ ಚಲನ್‌ನ ಹಿಂಬದಿಯಲ್ಲಿ ಅವಳು ನಾಲ್ಕು ಮನೆಯ ಒಂದು ಚೌಕ ಬರೆದಳು. ಲೆಕ್ಕ ಸುಲಭವಾಗಲಿ ಅಂತ ದುಂಡು ಸಂಖ್ಯೆ. ನಾನು ಮತ್ತು ಇನ್ನೊಂದು ಶಾಪ್. ಇಬ್ಬರ ಖರ್ಚೂ ಪೀಸ್‌ಗೆ 160. ವರ್ಷಕ್ಕೆ 10,000 ಪೀಸ್. ಇಬ್ಬರೂ 180ರಲ್ಲಿ ನಿಂತರೆ ಆರ್ಡರ್ ಅರ್ಧರ್ಧ, ಒಬ್ಬೊಬ್ಬರಿಗೆ 1 ಲಕ್ಷ ಲಾಭ. ಅವನು 180ರಲ್ಲಿ ನಿಂತು ನಾನು 175ಕ್ಕೆ ಇಳಿದರೆ ಪೂರ್ತಿ ಆರ್ಡರ್ ನನಗೆ, ಲಾಭ ಒಂದೂವರೆ ಲಕ್ಷ, ಅವನಿಗೆ ಸೊನ್ನೆ. ಅವನು ಇಳಿದು ನಾನು ನಿಂತರೆ ಉಲ್ಟಾ. ಇಬ್ಬರೂ 175ಕ್ಕೆ ಇಳಿದರೆ ತಲಾ 75,000. ಅವನು ಏನೇ ಮಾಡಲಿ, ನನಗೆ ಇಳಿಯುವುದೇ ಲಾಭ. ಅವನಿಗೂ ಹಾಗೇ. ಆದ್ದರಿಂದ ಇಬ್ಬರೂ ಇಳಿಯುತ್ತೇವೆ. ಇಬ್ಬರಿಗೂ ಕಡಿಮೆ ಸಿಗುತ್ತದೆ. 175 ಮುಗಿದ ಮೇಲೆ 172, ಆಮೇಲೆ 169. ನಿಲ್ಲುವುದು 160ರ ಹತ್ತಿರವೇ. ಕೈದಿಗಳ ಸಂದಿಗ್ಧ ಅಂತ ಇದಕ್ಕೆ ಹೆಸರು. 1950ರಲ್ಲಿ ಗಣಿತಜ್ಞರಾದ ಫ್ಲಡ್ ಮತ್ತು ಡ್ರೆಷರ್ ಈ ಆಟವನ್ನು ರೂಪಿಸಿದರು, ಕೈದಿಗಳ ಕಥೆ ಕಟ್ಟಿದವರು ಟಕರ್.

ಆ ಚಲನ್ ಇನ್ನೂ ನನ್ನ ಡ್ರಾಯರಿನಲ್ಲಿದೆ. ಅಲ್ಲಿಯವರೆಗೂ ರೇಟು ಕೆಡಿಸಿದ್ದು ಪಕ್ಕದ ಶಾಪಿನವರು ಅಂತ ಅವರ ಮೇಲೆ ಸಿಟ್ಟಿತ್ತು. ಅವರ ಜಾಗದಲ್ಲಿ ಯಾರೇ ಕೂತರೂ ಅದನ್ನೇ ಮಾಡುತ್ತಿದ್ದರು. ನಾನೂ ಅದನ್ನೇ ಮಾಡಿದ್ದೆ ಅಲ್ವಾ?

ಇದೇ ಹೊತ್ತಿಗೆ ಒಬ್ಬರು ಬಂದು, ನಾವೆಲ್ಲಾ ಸೇರಿ ಒಂದು ರೇಟು ಗೊತ್ತು ಮಾಡಿಕೊಳ್ಳೋಣ ಅಂದರು. ಬೇಡ ಅಂದೆ. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಬಿಡ್‌ನಲ್ಲಿ ಒಳಒಪ್ಪಂದ ಮಾಡಿಕೊಳ್ಳುವುದು ಕಾನೂನಿಗೆ ವಿರುದ್ಧ. ಕಾನೂನು ಇಲ್ಲದಿದ್ದರೂ ಅದು ಕೊಳ್ಳುವವರಿಗೆ ಮಾಡುವ ಮೋಸ. ಇನ್ನೊಂದು ವಿಷಯ. ಆ ನಾಲ್ಕು ಮನೆಯ ಲೆಕ್ಕ ಒಪ್ಪಂದ ಆದ ಮೇಲೂ ಬದಲಾಗುವುದಿಲ್ಲ. ಮುರಿದವನಿಗೇ ಲಾಭ.

ಹಾಗಾದರೆ ಏನು ಮಾಡುವುದು? ಬೇರೆಯವರ ಕೈ ಹಿಡಿಯಲು ಆಗುವುದಿಲ್ಲ. ನನ್ನ ಕೈಯನ್ನು ನಾನೇ ಕಟ್ಟಿಕೊಂಡೆ. ಹರಾಜಿನ ಹಿಂದಿನ ದಿನ ಪೂರ್ತಿ ಖರ್ಚು ಬರೆದು, ಕೆಳಗಿನ ಮಿತಿ ಒಂದು ಚೀಟಿಯಲ್ಲಿ ಬರೆದು ನನ್ನ ಪಾರ್ಟ್‌ನರ್ ಕೈಗೆ ಕೊಡುತ್ತೇನೆ. ಅದಕ್ಕಿಂತ ಕೆಳಗೆ ಹೋಗಲು ಅವರ ಸಹಿ ಬೇಕು. ಹರಾಜಿನ ದಿನ ಅವರು ಬೇಕಂತಲೇ ಆಫೀಸಿಗೆ ಬರುವುದಿಲ್ಲ. ಗಡಿಯಾರ ಓಡುವಾಗ ಮನುಷ್ಯನ ತಲೆ ಬೇರೆ ಥರ ಕೆಲಸ ಮಾಡುತ್ತದೆ. ಇನ್ನೊಂದು ರೂಪಾಯಿ ತಾನೇ ಅನ್ನಿಸುತ್ತದೆ. ಚೀಟಿ ಬರೆದವನು ಶಾಂತವಾಗಿದ್ದ ನಾನು, ಅವನ ಮಾತೇ ನಡೆಯಬೇಕು. ನಮ್ಮ ದಾರಿಗಳನ್ನು ನಾವೇ ಮುಚ್ಚಿಕೊಳ್ಳುವುದು ಚೌಕಾಸಿಯಲ್ಲಿ ಬಲ ಕೊಡುತ್ತದೆ ಅಂತ ತೋರಿಸಿದವರು ಥಾಮಸ್ ಶೆಲ್ಲಿಂಗ್. 2005ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ಕಟ್ಟಿಕೊಂಡ ಗಂಟು ನಿಜವಾಗಿರಬೇಕು. ಪಾರ್ಟ್‌ನರ್ ಒಪ್ಪುತ್ತಿಲ್ಲ ಅಂತ ಸುಮ್ನೆ ಹೇಳಿದರೆ ಎರಡನೇ ಸಲಕ್ಕೆ ಗೊತ್ತಾಗಿ ಹೋಗುತ್ತದೆ.

ಚೀಟಿಗಿಂತ ದೊಡ್ಡ ಕೆಲಸ ಬೇರೆ ಇತ್ತು. ಅದಕ್ಕೆ ಮೂರು ವರ್ಷ ಹಿಡಿಯಿತು.

ಆಗ ನನ್ನ ವಹಿವಾಟಿನ ನೂರಕ್ಕೆ 70 ಭಾಗ ಒಂದೇ ಕಂಪನಿಯಿಂದ ಬರುತ್ತಿತ್ತು. ಅದು ಅವರ ಪರ್ಚೇಸ್ ವಿಭಾಗಕ್ಕೂ ಗೊತ್ತಿತ್ತು. ಮಾತುಕತೆಗೆ ಕೂತಾಗ ನಾನು ಎದ್ದು ಹೋಗಲಾರೆ ಅಂತ ಇಬ್ಬರಿಗೂ ಗೊತ್ತಿದ್ದರೆ ಅದು ಮಾತುಕತೆಯೇ ಅಲ್ಲ. ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಚೌಕಾಸಿಯ ಬಗ್ಗೆ ಬರೆದ ಪ್ರಬಂಧದ ತಿರುಳು ನನಗೆ ಅರ್ಥವಾದದ್ದು ಹೀಗೆ. ನನ್ನ ಖರ್ಚು 160. ನಾನಿಲ್ಲದಿದ್ದರೆ ಕಂಪನಿಗೆ ಬೇರೆ ಕಡೆ 190ಕ್ಕೆ ಸಿಗುತ್ತದೆ ಅಂದುಕೊಳ್ಳಿ. ನಡುವಿನ 30 ರೂಪಾಯಿಯನ್ನು ಹಂಚಿಕೊಳ್ಳಬೇಕು. ಇಬ್ಬರಿಗೂ ಸಮಾನ ಜಾಣತನ, ಸಮಾನ ತಾಳ್ಮೆ ಇದ್ದರೆ 175ಕ್ಕೆ ಮುಗಿಯುತ್ತದೆ. ಈಗ ನನ್ನ ಮೆಷಿನ್‌ಗೆ ಬೇರೆ ಕೆಲಸ ಇದೆ, ಅದರಲ್ಲಿ ಅಷ್ಟೇ ಸಮಯಕ್ಕೆ 10 ರೂಪಾಯಿ ಲಾಭ ಸಿಗುತ್ತದೆ ಅನ್ನಿ. ಆಗ 170ಕ್ಕಿಂತ ಕೆಳಗೆ ನಾನು ಯಾಕೆ ಒಪ್ಪಲಿ? ಹಂಚಿಕೆ 170 ಮತ್ತು 190ರ ನಡುವೆ. ಮುಗಿಯುವುದು 180ಕ್ಕೆ. ದನಿ ಏರಿಸಲಿಲ್ಲ, ವಾದ ಮಾಡಲಿಲ್ಲ. ಹೊರಗೆ ಇನ್ನೊಂದು ಕೆಲಸ ಇದ್ದದ್ದಕ್ಕೇ 5 ರೂಪಾಯಿ ಮೇಲೆ ಬಂತು.

ಆದ್ದರಿಂದ ಮಾತಿನ ತರಬೇತಿಗೆ ದುಡ್ಡು ಹಾಕಲಿಲ್ಲ. ಕೊಯಮತ್ತೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಪಂಪು ತಯಾರಕರ ಬಾಗಿಲು ತಟ್ಟಿದೆ. ಮೊದಲ ಆರ್ಡರ್ 200 ಬುಷ್, ಅಂದರೆ ಶಾಫ್ಟ್ ಸುತ್ತ ಕೂರುವ ಲೋಹದ ಬಳೆ. ಎಣಿಸಿದರೆ ಬಸ್ ಚಾರ್ಜಿಗೂ ಸಾಲದು. ಆಮೇಲೆ ಹಿಟ್ಟಿನ ಗಿರಣಿ ಮಾಡುವವರು, ಪ್ಯಾಕಿಂಗ್ ಮೆಷಿನ್ ಮಾಡುವವರು. 2019ಕ್ಕೆ ಆ ದೊಡ್ಡ ಕಂಪನಿಯ ಪಾಲು ನೂರಕ್ಕೆ 35ಕ್ಕೆ ಇಳಿಯಿತು. ಅವರ ಜೊತೆ ಆಡುವ ಮಾತಿನ ಧಾಟಿ ತಾನಾಗಿಯೇ ಬದಲಾಯಿತು.

ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಚೌಕಾಬಾರ ಆಡುತ್ತಿದ್ದೆ. ಕವಡೆ ಬಿದ್ದ ಕೂಡಲೇ ನಾನು ನನ್ನ ಕಾಯಿ ಎತ್ತುತ್ತಿದ್ದೆ. ಅಜ್ಜಿ ಮೊದಲು ನನ್ನ ಕಾಯಿಗಳನ್ನು ನೋಡಿ, ಆಮೇಲೆ ತನ್ನದಕ್ಕೆ ಕೈ ಹಾಕುತ್ತಿದ್ದಳು. ಎದುರಿನವರ ಮನೆ ನೋಡುವುದನ್ನು ನಾನು ವ್ಯಾಪಾರದಲ್ಲಿ ತಡವಾಗಿ ಕಲಿತೆ.

ಕೊಳ್ಳುವವರ ಕಡೆ ಕೂತು ನೋಡಿದರೆ ಅವರಿಗೂ ಭಯಗಳಿವೆ. ಹೊಸ ಸಪ್ಲೈಯರ್‌ನ ಮೊದಲ ಸ್ಯಾಂಪಲ್, ತಪಾಸಣೆ, ಟ್ರಯಲ್ ಲಾಟ್, ಒಪ್ಪಿಗೆ ಎಲ್ಲಾ ಮುಗಿಯಲು ನಮ್ಮ ಭಾಗಗಳಿಗೆ ಮೂರು ನಾಲ್ಕು ತಿಂಗಳು ಬೇಕು. ಒಂದು ಚಿಕ್ಕ ಭಾಗ ಬರದಿದ್ದರೂ ಅವರ ಅಸೆಂಬ್ಲಿ ಲೈನ್ ನಿಲ್ಲುತ್ತದೆ. ಹಾಗಾಗಿ ನಾನು 15 ದಿನದ ಸ್ಟಾಕ್ ನನ್ನ ರ‍್ಯಾಕ್‌ನಲ್ಲಿ ಇಡುತ್ತೇನೆ ಅಂದೆ. ನನಗೆ ಅದರ ಖರ್ಚು ಕಡಿಮೆ. ಅವರಿಗೆ ಅದು ನೆಮ್ಮದಿ. ಬದಲಿಗೆ ಎರಡು ಕೇಳಿದೆ. ಕಬ್ಬಿಣದ ಬೆಲೆ ಏರಿದರೆ, ಇಳಿದರೆ ರೇಟೂ ಅದರ ಜೊತೆ ಹೋಗಬೇಕು. ದುಡ್ಡು 90 ದಿನದ ಬದಲು 30 ದಿನಕ್ಕೆ ಬರಬೇಕು. ನನ್ನ ಓವರ್‌ಡ್ರಾಫ್ಟ್ ಬಡ್ಡಿ ಶೇ 14. ಆ 60 ದಿನ ಅಂದರೆ 180 ರೂಪಾಯಿಯ ಪೀಸ್‌ಗೆ 4 ರೂಪಾಯಿಗೂ ಜಾಸ್ತಿ. ರೇಟಿನಲ್ಲಿ 4 ರೂಪಾಯಿ ಕೇಳಿದ್ದರೆ ಒಂದು ವಾರ ಜಗಳ ಆಗುತ್ತಿತ್ತು. ದಿನಗಳನ್ನು ಕೇಳಿದಾಗ 45ಕ್ಕೆ ಒಪ್ಪಿದರು.

ದುಡ್ಡಿನ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯಲ್ಲೇ 45 ದಿನದ ಮಿತಿ ಇದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಆದರೂ ನಾನು ಒಮ್ಮೆಯೂ ದೂರು ಕೊಡಲಿಲ್ಲ. ದೂರು ಕೊಟ್ಟರೆ ಮುಂದಿನ ಆರ್ಡರ್ ಹೋಗುತ್ತದೆ. ಹಕ್ಕು ನನ್ನದು, ಅದನ್ನು ಬಳಸುವ ಬೆಲೆಯೂ ನನ್ನ ತಲೆಗೇ. ಆಮೇಲೆ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) ಸೆಕ್ಷನ್ ಇದನ್ನು ತಿರುಗಿಸಿತು. ಮೈಕ್ರೊ ಮತ್ತು ಸ್ಮಾಲ್ ಘಟಕಗಳಿಗೆ ಹೊತ್ತಿಗೆ ಸರಿಯಾಗಿ ಕೊಡದ ದುಡ್ಡನ್ನು ಕಂಪನಿ ಆ ವರ್ಷದ ಖರ್ಚು ಅಂತ ತೋರಿಸುವ ಹಾಗಿಲ್ಲ. ಕೊಟ್ಟ ವರ್ಷವೇ ತೋರಿಸಬೇಕು. ಈಗ ನಾನು ಯಾರ ಮೇಲೂ ದೂರು ಕೊಡಬೇಕಾಗಿಲ್ಲ. ತಡ ಮಾಡಿದವರ ತೆರಿಗೆಯ ಲೆಕ್ಕವೇ ಅವರನ್ನು ಕೇಳುತ್ತದೆ. 2024ರ ಮಾರ್ಚ್ ಕೊನೆಯ ವಾರ ನನ್ನ ಖಾತೆಗೆ ಬಂದಷ್ಟು ಹಳೇ ಬಾಕಿ ಯಾವ ಮಾರ್ಚ್‌ನಲ್ಲೂ ಬಂದಿರಲಿಲ್ಲ. ಒಬ್ಬ ಗಿರಾಕಿ ಮಾತ್ರ, ನಾನು ಸಣ್ಣ ಘಟಕ ಅಂತ ತೋರಿಸುವ ಉದ್ಯಮ್ ನೋಂದಣಿಯನ್ನೇ ರದ್ದು ಮಾಡಿಸಿ ಅಂದರು. ಆಗುವುದಿಲ್ಲ ಅಂದೆ. ಅವರು ಕೊಡುತ್ತಿದ್ದ ಕೆಲಸ ನನ್ನ ಕೈ ತಪ್ಪಿತು.

ದಿನಾ ಮುಖ ನೋಡುವವರ ಜೊತೆಗಿನ ಆಟವೇ ಬೇರೆ. ಮಿಶಿಗನ್‌ನ ರಾಬರ್ಟ್ ಆಕ್ಸೆಲ್‌ರಾಡ್ ಕೈದಿಗಳ ಸಂದಿಗ್ಧವನ್ನು ಮತ್ತೆ ಮತ್ತೆ ಆಡುವ ಕಂಪ್ಯೂಟರ್ ಸ್ಪರ್ಧೆ ನಡೆಸಿದರು. ಮೊದಲ ಸಲ 14 ತಂತ್ರಗಳು ಬಂದವು, ಎರಡನೇ ಸಲ 62. ಎರಡರಲ್ಲೂ ಗೆದ್ದದ್ದು ಅನಟೋಲ್ ರಾಪಪೋರ್ಟ್ ಕಳಿಸಿದ ಚಿಕ್ಕ ತಂತ್ರ: ಮೊದಲು ಸಹಕರಿಸು, ಆಮೇಲೆ ಎದುರಿನವನು ಹೋದ ಸಲ ಮಾಡಿದ್ದನ್ನೇ ಮಾಡು. ನಾನು ಇದನ್ನು ಮನಸ್ಸಿಟ್ಟು ಪಾಲಿಸುತ್ತೇನೆ. ಕಬ್ಬಿಣ ಇಳಿದಾಗ ಗಿರಾಕಿ ಕೇಳುವ ಮೊದಲೇ ರೇಟು ಇಳಿಸಿ ಪತ್ರ ಕಳಿಸುತ್ತೇನೆ. ಒಪ್ಪಿದ ದಿನಕ್ಕೆ ದುಡ್ಡು ಬರದಿದ್ದರೆ ಮೊದಲೇ ತಿಳಿಸಿ ಒಂದು ಲಾಟ್ ನಿಲ್ಲಿಸುತ್ತೇನೆ. ದುಡ್ಡು ಬಂದ ದಿನವೇ ಗಾಡಿ ಹೊರಡುತ್ತದೆ. ಹಳೆಯದನ್ನು ಮತ್ತೆ ಎತ್ತುವುದಿಲ್ಲ. ನನ್ನ ಲೆಕ್ಕದಲ್ಲಿ ಕಷ್ಟದ ಭಾಗ ಅದೇ.

ಹೋದ ವರ್ಷ ಅದೇ ಬೇರಿಂಗ್ ಹೌಸಿಂಗ್ ಮತ್ತೆ ಹರಾಜಿಗೆ ಬಂತು. ಚೀಟಿಯಲ್ಲಿ 212 ಅಂತ ಬರೆದಿತ್ತು. ಮುಕ್ಕಾಲು ಗಂಟೆಯಲ್ಲಿ ಅಲ್ಲಿಗೆ ಮುಟ್ಟಿದೆ. ತೆರೆಯ ಮೇಲೆ ಎಲ್2. ಗಡಿಯಾರದಲ್ಲಿ 2 ನಿಮಿಷ 40 ಸೆಕೆಂಡ್ ಬಾಕಿ. ಲ್ಯಾಪ್‌ಟಾಪ್ ಮುಚ್ಚಿ ಕೆಳಗೆ ಶಾಪಿಗೆ ಇಳಿದೆ. 3ನೇ ಮೆಷಿನ್ ಮೇಲೆ ಕೊಯಮತ್ತೂರಿನ ಬುಷ್ ಓಡುತ್ತಿತ್ತು.

ಎರಡು ತಿಂಗಳಾದ ಮೇಲೆ ಆರ್ಡರ್ ಗೆದ್ದ ಶಾಪಿನವರು ಫೋನ್ ಮಾಡಿದರು. ಎರಕದಲ್ಲಿ ಗಾಳಿಗುಳ್ಳೆ ಬರುತ್ತಿದೆ, ನೀವು ಹೇಗೆ ಮಾಡುತ್ತಿದ್ದಿರಿ ಅಂತ ಕೇಳಿದರು. ಬೋರಿಂಗ್‌ಗೆ ಮೊದಲು ಒಂದು ರಫ್ ಕಟ್ ಕೊಟ್ಟು ನೋಡಿ, ಗುಳ್ಳೆ ಇದ್ದರೆ ಎಷ್ಟೋ ಸಲ ಅಲ್ಲೇ ಕಾಣುತ್ತದೆ, ಆ ಪೀಸ್ ಫೌಂಡ್ರಿಗೆ ವಾಪಸ್ ಹೋಗಲಿ ಅಂದೆ. ನಮ್ಮ ಹಳೇ ರಿಜೆಕ್ಷನ್ ಲೆಕ್ಕದ ಹಾಳೆಯನ್ನೂ ಹುಡುಗನ ಕೈಲಿ ಕಳಿಸಿಕೊಟ್ಟೆ.