ಭಾರ ಎತ್ತಿಸಿದ್ದೇ ಕೈ ಹಿಡಿಯಿತು

ಕ್ಯಾನ್ಸರಿನಿಂದ ಸ್ತನದ ಜೊತೆ ಕಂಕುಳ ದುಗ್ಧಗ್ರಂಥಿಗಳನ್ನೂ ತೆಗೆಸಿಕೊಂಡವರ ಕೈಗೆ ಡಂಬೆಲ್ ಕೊಡುತ್ತೇನೆ ಎಂದಾಗ ನಮ್ಮ ವಿಭಾಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ನಾಳೆ ಕೈ ಬಾತುಕೊಂಡರೆ ಹೊಣೆ ಯಾರು?" ಎಂದರು. 2009ರಲ್ಲೇ ಅಮೆರಿಕದ ಸಂಶೋಧಕಿ ಕ್ಯಾಥ್ರಿನ್ ಶ್ಮಿಟ್ಜ್ ತಂಡ ಲಿಂಫೆಡಿಮಾ, ಅಂದರೆ ದುಗ್ಧರಸ ನಿಂತು ಕೈ ಬಾತುಕೊಳ್ಳುವ ತೊಂದರೆ, ಇದ್ದ ಇಂಥ 141 ಮಹಿಳೆಯರನ್ನು ಒಂದು ವರ್ಷ ಗಮನಿಸಿತ್ತು. ಊತ ಉಲ್ಬಣಿಸಿದ್ದು ಭಾರ ಎತ್ತಿದವರಲ್ಲಿ ನೂರಕ್ಕೆ 14, ಎತ್ತದವರಲ್ಲಿ 29. ಅದನ್ನು ತೋರಿಸಿದರೂ ತಲೆಯಾಡಿಸಿದರು, ಅಷ್ಟೇ.

ಗಾಯದ ನೀರು ಹೊರಹೋಗಲು ಇಟ್ಟ ಕೊಳವೆ (ಡ್ರೇನ್) ಇರುವವರೆಗೆ ನಾನೂ ಎಲ್ಲರಂತೆಯೇ. ಭುಜವನ್ನು 90 ಡಿಗ್ರಿ ದಾಟಿಸುವುದಿಲ್ಲ. ಆಮೇಲೆ ಗೋಡೆ, ಕೋಲು ಹಿಡಿದು ಕೈ ಮೇಲೇರಿಸುವ ವ್ಯಾಯಾಮ. ರೇಡಿಯೇಷನ್ ಇದ್ದವರಿಗೆ ಅವಸರ ಹೆಚ್ಚು, ಕೈ ತಲೆಯ ಮೇಲೆ ಹೋಗದಿದ್ದರೆ ಕಿರಣ ಎಲ್ಲಿ ಬೀಳಬೇಕೆಂದು ಗುರುತಿಸುವ ಪ್ಲಾನಿಂಗ್ ಸ್ಕ್ಯಾನಿಗೆ ಮಲಗಿಸುವುದೇ ಕಷ್ಟ. ಗಾಯ ಪೂರ್ತಿ ಕೂಡಿ, ಸರ್ಜನ್ ಒಪ್ಪಿದ ಮೇಲೆ ಅರ್ಧ ಕಿಲೋ. ಅದೇ ಭಾರ ಸತತ ಎರಡು ಸಲ ತಕರಾರಿಲ್ಲದೆ ಮುಗಿದರೆ ಮಾತ್ರ ಏರಿಕೆ. ಟೇಪಿನಲ್ಲಿ ಎರಡು ಕೈಗಳ ಸುತ್ತಳತೆಗೆ 2 ಸೆಂ.ಮೀ. ವ್ಯತ್ಯಾಸ ಕಾಣುವವರೆಗೆ ಕಾಯುವುದಿಲ್ಲ. "ಕೈ ಜಡ ಅನಿಸ್ತಿದೆ" ಎಂದರೂ ಒಂದು ಹೆಜ್ಜೆ ಹಿಂದೆ. ಕೆಂಪಾಗಿ ಬಿಸಿಯಾದರೆ ಭಾರ ಬದಿಗೆ, ಅದೇ ದಿನ ಡಾಕ್ಟರ ಬಳಿಗೆ.

ಕಂಕುಳಿನಿಂದ ತಂತಿಯಂತೆ ಬಿಗಿಯುವ ಕಾರ್ಡಿಂಗ್ ಹಲವರಲ್ಲಿ ಕೆಲವು ತಿಂಗಳಲ್ಲಿ ತಾನೇ ಸಡಿಲುತ್ತದೆ. ನನ್ನ ಕೈಯಲ್ಲಿ ಇನ್ನೂ ಬೇಗ. ಎಲ್ಲಿ ಒತ್ತಿ ಎಲ್ಲಿ ಎಳೆಯುತ್ತೇನೆಂದು ಬರೆಯುವುದಿಲ್ಲ, ಬಂದು ನೋಡಿ.

ಇನ್ನು ದುಡ್ಡು. ಊತ ತಡೆಯಲು ತೋಳಿಗೆ ಹಾಕುವ ಬಿಗಿ ಸ್ಲೀವ್ ಆರು ತಿಂಗಳಿಗೆ ಸಡಿಲ, ಒಗೆದು ಹಾಕಲು ಎರಡು ಬೇಕು, ವರ್ಷಕ್ಕೆ ನಾಲ್ಕಾಯಿತು. ಅಳತೆ ಕೊಟ್ಟು ಮಾಡಿಸುವುದು ಇನ್ನೂ ದುಬಾರಿ. ಹಾಗಾಗಿ ಜೋತುಬಿದ್ದದ್ದನ್ನೇ ಹಾಕಿಕೊಂಡು ಬರುತ್ತಾರೆ, ಬೈದು ಪ್ರಯೋಜನವಿಲ್ಲ. ಆಸೆಪಟ್ಟು ತರಿಸಿದ, ಗಾಳಿಯಿಂದ ಕೈ ಒತ್ತಿ ಊತ ಇಳಿಸುವ ಕಂಪ್ರೆಷನ್ ಪಂಪ್ ಮೂಲೆ ಸೇರಿದೆ. ಅದರ ದುಡ್ಡಿಗೆ ಎಷ್ಟು ಸ್ಲೀವ್ ಬರುತ್ತಿತ್ತೆಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಡಂಬೆಲ್ಲುಗಳಿಗೆ ಆದದ್ದು ಪುಡಿಗಾಸು.

ಮನಸ್ಸಿನ ವಿಷಯಕ್ಕೆ ಮೊದಲೆಲ್ಲ ಕೌನ್ಸೆಲರ್‌ಗೆ ಚೀಟಿ ಬರೆದು ಸುಮ್ಮನಾಗುತ್ತಿದ್ದೆವು. ಹತ್ತರಲ್ಲಿ ಮೂರ್ನಾಲ್ಕು ಜನ ಆ ಬಾಗಿಲು ತಟ್ಟಿದರೆ ಹೆಚ್ಚು. ಕೊನೆಗೆ ಕೌನ್ಸೆಲರನ್ನೇ ವ್ಯಾಯಾಮದ ಕೋಣೆಗೆ ಕರೆತಂದೆ. ಎದುರು ಕೂತು ಬಾಯಿಬಿಡದವರು ಭಾರ ಎತ್ತುತ್ತಾ ಮಾತಾಡುತ್ತಾರೆ: ಗಂಡನ ಎದುರು ಬಟ್ಟೆ ಬದಲಿಸಲಾಗದ್ದು, ತೋಳಿನ ಒಳಭಾಗ ಜೋಮು ಹಿಡಿದಂತಿರುವುದು, ಕಾಯಿಲೆ ಮತ್ತೆ ಬಂದೀತೆಂಬ ಭಯ. ಕನ್ನಡಿಯನ್ನು ಮೊದಲು ಮುಖ, ಭುಜ ಮಾತ್ರ ಕಾಣುವಷ್ಟು ಎತ್ತರದಲ್ಲಿ ಇಡುತ್ತೇನೆ. ಅವರೇ ಹೇಳಿದಾಗ ಕೆಳಗಿಳಿಸುತ್ತೇನೆ, ನಾನಾಗಿ ಎಂದೂ ಇಳಿಸಿಲ್ಲ.

1996ರಲ್ಲಿ ಕೆನಡಾದ ವ್ಯಾಂಕೂವರಿನ ಕ್ರೀಡಾವೈದ್ಯ ಡಾನ್ ಮೆಕೆಂಜಿ ಇಂಥ ಮಹಿಳೆಯರಿಂದಲೇ ಡ್ರ್ಯಾಗನ್ ದೋಣಿ, ಅಂದರೆ ಹಲವರು ಕೂಡಿ ಹುಟ್ಟು ಹಾಕುವ ಉದ್ದ ದೋಣಿ, ನಡೆಸಿದ್ದರು. ದೋಣಿ ನನಗೆಲ್ಲಿ? ಹಳಬರು, ಹೊಸಬರನ್ನು ಸೇರಿಸಿ ಗುಂಪು ಕಟ್ಟಿದೆ. ಕಾಯಿಲೆ ಮರಳಿದೆಯೇ ಎಂದು ನೋಡುವ ಸ್ಕ್ಯಾನ್ ಒಬ್ಬರಿಗೆ ಹತ್ತಿರವಾದರೆ ಇಡೀ ಗುಂಪಿಗೆ ನಿದ್ದೆಯಿಲ್ಲ. ಅರ್ಧ ಜನ ಬಿಟ್ಟರು. ಈಗ ಮೂವರಿಗಿಂತ ಹೆಚ್ಚು ಕೂಡಿಸುವುದಿಲ್ಲ, ಸ್ಕ್ಯಾನ್ ಇರುವ ವಾರ ಯಾರಿಗೂ ಭಾರ ಏರಿಸುವುದಿಲ್ಲ.

ಸದ್ಯ ತಲೆ ಕೆಡಿಸಿರುವುದು ಬ್ರಾ ಒಳಗಿನ ತಾತ್ಕಾಲಿಕ ಸ್ತನ. ಹತ್ತಿಯದು ಹಗುರ, ಕೈ ಎತ್ತಿದರೆ ಮೇಲಕ್ಕೆ ಸರಿಯುತ್ತದೆ. ಗಾಜಿನ ಮಣಿ ತುಂಬಿ ಹೊಲಿಸಿದೆ. ಜಾಗ ಬಿಡಲಿಲ್ಲ, ಆದರೆ ಹೆಜ್ಜೆಗೊಮ್ಮೆ ಸದ್ದು! ಮಣಿಗಳ ನಡುವೆ ಬಟ್ಟೆಚೂರು ತುಂಬಿ ನೋಡುತ್ತಿದ್ದೇನೆ.